ಮಲ್ಪೆ ಮುಟ್ಟದಿದ್ದರೆ ಗಂಗೊಳ್ಳಿ: ಆರೋಗ್ಯ ಅಧಿಕಾರಿಗಳಿಗೆ ಒಬ್ಬ ಅಕ್ಕನ ಬಹಿರಂಗ ಪತ್ರ

ಉಡುಪಿ ಮತ್ತು ದಕ್ಷಿಣ ಕನ್ನಡದ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, ಮಾನಸಿಕ ಆರೋಗ್ಯ ಕಾರ್ಯಕ್ರಮ ನೋಡಿಕೊಳ್ಳುವ ಡಾಕ್ಟರುಗಳಿಗೆ,

ನಮಸ್ಕಾರ.

ನಾನು ಕಲ್ಯಾಣಪುರದ ಕಡೆಯವಳು. ಒಂದು ಸೊಸೈಟಿಯಲ್ಲಿ ಕ್ಲರ್ಕ್. ನನ್ನ ತಮ್ಮ ಮಲ್ಪೆಯಲ್ಲಿ ಬೋಟಿಗೆ ಹೋಗುವವನು, ಕಲಾಸಿ. ಅವನಿಗೆ ಈಗ 34. ಕುಡಿತ, ಮನಸ್ಸಿನ ಕಾಯಿಲೆ ಎರಡೂ ಇರುವ ಅವನಂಥವರಿಗೆ ಒಂದೇ ಕಡೆ ಚಿಕಿತ್ಸೆ ಸಿಗಲಿ ಎಂದು ಕೇಳುವ ಈ ಪತ್ರ ಬರೆಯುವುದು ಅವನಿಗೆ ಗೊತ್ತು. ಬರೆದದ್ದನ್ನು ಓದಿ ಹೇಳಿದೆ. ಎರಡು ಕಡೆ ಹೊಡೆದು ಹಾಕಿಸಿದ. ಒಂದು ಕಡೆ "ಇದನ್ನು ಇನ್ನೂ ಸ್ವಲ್ಪ ಜೋರಾಗಿ ಬರಿ" ಎಂದ. ಹೆಸರು ಮಾತ್ರ ಹಾಕಬೇಡ ಎಂದ.

ನಾಲ್ಕು ವರ್ಷದ ಹಿಂದೆ ಅವನನ್ನು ಕುಡಿತ ಬಿಡಿಸುವ ವಾರ್ಡಿಗೆ ಸೇರಿಸಿದ್ದೆವು. ಹನ್ನೊಂದನೇ ದಿನ ಬೆಳಿಗ್ಗೆ ಫೋನ್ ಬಂತು, ಬಂದು ಕರೆದುಕೊಂಡು ಹೋಗಿ ಎಂದು. ಹಿಂದಿನ ದಿನ ಸಂಜೆ ಚಾ ಕುಡಿಯಲು ಹೊರಗೆ ಹೋದವನು ಒಂದು ನೈಂಟಿ ಹಾಕಿ ಬಂದಿದ್ದ. ವಾರ್ಡಿನ ನಿಯಮ ಹಾಗೆ, ಕುಡಿದರೆ ಡಿಸ್ಚಾರ್ಜ್. ನಾನು ಹೋದಾಗ ಗೇಟಿನ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ಪಕ್ಕದಲ್ಲಿ ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲ. ಅದರಲ್ಲಿ ಎರಡು ಲುಂಗಿ, ಒಂದು ಬೈರಾಸು, ಡಿಸ್ಚಾರ್ಜ್ ಚೀಟಿ. ಚೀಟಿಯ ಕೊನೆಯಲ್ಲಿ ಪರ್ಸನಾಲಿಟಿ ಸಮಸ್ಯೆಯೂ ಇದೆ, ಸೈಕೋಥೆರಪಿಗೆ ಹೋಗಲಿ ಎಂದು ಬರೆದಿದ್ದರು.

ಹೋದೆವು. ಅಲ್ಲಿಯವರು ಒಳ್ಳೆಯವರೇ. ಅರ್ಧ ಗಂಟೆ ಮಾತಾಡಿಸಿದರು, ತೋಳಿನ ಮೇಲಿನ ಹಳೆಯ ಗುರುತುಗಳನ್ನು ನೋಡಿದರು. ಆಮೇಲೆ ಹೇಳಿದರು, "ಮೊದಲು ಆರು ತಿಂಗಳು ಕುಡಿಯದೆ ಇದ್ದು ಬರಲಿ. ಆಮೇಲೆ ಥೆರಪಿ ಶುರು ಮಾಡೋಣ."

ವಾಪಸ್ ಬರುವಾಗ ಬಸ್ಸಿನಲ್ಲಿ ತಮ್ಮ ಕೇಳಿದ, "ಅಕ್ಕ, ಆರು ತಿಂಗಳು ಕುಡಿಯದೆ ಇರ್ಲಿಕ್ಕೆ ಆಗುದಾದ್ರೆ ಇವರ ಹತ್ರ ಯಾಕೆ ಬರ್ಬೇಕಿತ್ತು?"

ನನ್ನಲ್ಲಿ ಉತ್ತರ ಇರಲಿಲ್ಲ. ನಿಮ್ಮಲ್ಲಿ ಇದ್ದರೆ ಕೊಡಿ. ಒಂದು ಬಾಗಿಲಲ್ಲಿ, ಮನಸ್ಸಿನ ಕಾಯಿಲೆ ಇರುವುದರಿಂದ ನಮ್ಮಿಂದ ಆಗುವುದಿಲ್ಲ ಎನ್ನುತ್ತಾರೆ. ಇನ್ನೊಂದರಲ್ಲಿ, ಕುಡಿಯುವುದರಿಂದ ನಮ್ಮಿಂದ ಆಗುವುದಿಲ್ಲ ಎನ್ನುತ್ತಾರೆ. ಎರಡೂ ಇರುವವನು ಎಲ್ಲಿಗೆ ಹೋಗಬೇಕು? ಅವನು ಹೋದದ್ದು ವೈನ್ ಶಾಪಿಗೆ. ಅಲ್ಲಿ ಯಾವ ಷರತ್ತೂ ಇಲ್ಲ ನೋಡಿ.

ಅವನಿಗೆ ಇರುವುದು ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್. ಕನ್ನಡದಲ್ಲಿ ಇದನ್ನು 'ವ್ಯಕ್ತಿತ್ವ ದೋಷ' ಎಂದು ಬರೆಯುವವರಿದ್ದಾರೆ. ದಯವಿಟ್ಟು ಆ ಮಾತು ಬಿಟ್ಟುಬಿಡಿ. ನಮ್ಮ ಊರಲ್ಲಿ ದೋಷ ಅಂದರೆ ಸರ್ಪದೋಷ, ಕುಜದೋಷ. ವ್ಯಕ್ತಿತ್ವಕ್ಕೇ ದೋಷ ಎಂದಾಗ ಅಮ್ಮನಿಗೆ ಕೇಳಿಸಿದ್ದು 'ನಿಮ್ಮ ಮಗನ ಬುಡವೇ ಸರಿಯಿಲ್ಲ' ಎಂದು. ಮರುದಿನವೇ ಜೋಯಿಸರ ಹತ್ತಿರ ಪ್ರಶ್ನೆ ಇಡಿಸಲು ಹೊರಟರು.

ಮನೆಯಲ್ಲಿ ನಾವು ನೋಡಿದ್ದನ್ನು ಹೇಳುತ್ತೇನೆ. ಸಿಟ್ಟು ಇರಲಿ, ಹೆದರಿಕೆ ಇರಲಿ, ನಾಚಿಕೆ ಇರಲಿ, ಅವನಿಗೆ ಅದು ಬೇರೆಯವರಿಗಿಂತ ಬೇಗ ಏರುತ್ತದೆ. ಜಾಸ್ತಿ ಏರುತ್ತದೆ. ಇಳಿಯಲು ತುಂಬ ಹೊತ್ತು ಬೇಕು. ಹತ್ತಿರದವರು ಬಿಟ್ಟು ಹೋಗುತ್ತಾರೆ ಎಂಬ ಭಯ ಯಾವಾಗಲೂ ಇರುತ್ತದೆ. ಆಫೀಸಿನಲ್ಲಿ ಮೀಟಿಂಗ್ ಇದ್ದು ನಾನು ಫೋನ್ ಎತ್ತದಿದ್ದರೆ 14 ಮಿಸ್ಡ್ ಕಾಲ್. ಆಮೇಲೆ 'ಇನ್ನು ನೀನು ಅಕ್ಕನೇ ಅಲ್ಲ' ಎಂಬ ಮೆಸೇಜ್. ಸಂಜೆ ನೋಡಿದರೆ ಅದೇ ಮನುಷ್ಯ ಬಂಗುಡೆ ತೊಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿರುತ್ತಾನೆ. ಹೆಂಗಸರಲ್ಲಿ ಇದು ಕಂಡರೆ ಕೆಲವು ಡಾಕ್ಟರುಗಳಾದರೂ ಗುರುತಿಸುತ್ತಾರೆ. ಬೋಟಿಗೆ ಹೋಗುವ ಗಂಡಸಿನಲ್ಲಿ ಕಂಡರೆ 'ಅವನೊಬ್ಬ ಕುಡುಕ, ಸ್ವಭಾವವೇ ಹಾಗೆ' ಎಂದು ಮುಗಿಸುತ್ತಾರೆ.

ಏರಿದ್ದನ್ನು ಇಳಿಸಲು ಅವನಿಗೆ ಗೊತ್ತಿದ್ದ ಮದ್ದು ಒಂದೇ. ಅದು ಹತ್ತು ನಿಮಿಷದಲ್ಲಿ ಕೆಲಸ ಮಾಡುತ್ತದೆ, ಎಲ್ಲ ಕಡೆ ಸಿಗುತ್ತದೆ. ಆ ಮದ್ದನ್ನು ಮಾತ್ರ ಕಿತ್ತುಕೊಂಡರೆ ಏರಿದ್ದು ಏರಿದಲ್ಲೇ ಇರುತ್ತದೆ. ಕುಡಿತದ ಕಡೆ ನೋಡದೆ ಮನಸ್ಸಿಗೆ ಮಾತ್ರ ಥೆರಪಿ ಕೊಟ್ಟರೆ, ಥೆರಪಿ ಕಲಿಸುವ ಯಾವ ಉಪಾಯವೂ ಕ್ವಾರ್ಟರಿನಷ್ಟು ಬೇಗ ಕೆಲಸ ಮಾಡುವುದಿಲ್ಲ. ಹಾಗಾಗಿ ಎರಡಕ್ಕೂ ಬೇರೆ ಬೇರೆ ಕ್ಯೂ ಮಾಡಿದರೆ ಆಗುವುದಿಲ್ಲ.

ಬೇರೆಯವರನ್ನು ದೂರುವ ಮೊದಲು ನಮ್ಮ ಮನೆಯ ಕೆಲಸವನ್ನೂ ಹೇಳಬೇಕು. ಅವನನ್ನು ದೈವದ ಎದುರು ನಿಲ್ಲಿಸಿ ಮಾತು ಕೊಡಿಸಿದೆವು, ಇನ್ನು ಮುಟ್ಟುವುದಿಲ್ಲ ಎಂದು. ಹತ್ತೊಂಬತ್ತು ದಿನ ನಿಂತ. ಇಪ್ಪತ್ತನೇ ದಿನ ಬಟ್ವಾಡೆಯ ವಿಷಯಕ್ಕೆ ಬೋಟು ನಡೆಸುವ ತಾಂಡೇಲನ ಹತ್ತಿರ ಮಾತಿಗೆ ಮಾತು ಬೆಳೆದು ಕುಡಿದ. ಒಂದೇ ನೈಂಟಿ. ಅಲ್ಲಿಗೇ ಮುಗಿಯಬಹುದಿತ್ತು. ಮುಗಿಯಲಿಲ್ಲ. ಕೊಟ್ಟ ಮಾತು ಹೋಯಿತು, ಇನ್ನೇನು ಉಳಿಯಿತು ಎಂದು ಒಂಬತ್ತು ದಿನ ಬಿಡದೆ ಕುಡಿದ. ಮುಳುಗಿದವನಿಗೆ ಚಳಿಯೇನು ಮಳೆಯೇನು ಅನ್ನುತ್ತಾರಲ್ಲ, ಹಾಗೆ. ಆ ಒಂಬತ್ತು ದಿನ ಅವನನ್ನು ಕುಡಿಸಿದ್ದು ಚಟಕ್ಕಿಂತ ಜಾಸ್ತಿ ನಾಚಿಕೆ ಮತ್ತು ಭಯ. ಈ ಗಾದೆಯ ಮಾತನ್ನೇ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಲನ್ ಮಾರ್ಲಟ್ ಎಂಬ ಮನಶ್ಶಾಸ್ತ್ರಜ್ಞರು ವರ್ಷಗಟ್ಟಲೆ ಅಧ್ಯಯನ ಮಾಡಿ ಬರೆದಿದ್ದಾರೆ ಎಂದು ನನಗೆ ಆಮೇಲೆ ಗೊತ್ತಾಯಿತು. ಒಮ್ಮೆ ಜಾರಿದವನು 'ಎಲ್ಲ ಮುಗಿಯಿತು' ಎಂದುಕೊಳ್ಳುತ್ತಾನಲ್ಲ, ಜಾರಿದ್ದಕ್ಕಿಂತ ಆ ಯೋಚನೆಯೇ ಅವನನ್ನು ಆಳಕ್ಕೆ ಎಳೆಯುವುದು.

ಇನ್ನೊಂದು ನಾನೇ ಮಾಡಿದ್ದು. ಯಾರೋ ಹೇಳಿದರು, ಅವನಿಗೆ ಗೊತ್ತಾಗದ ಹಾಗೆ ಊಟದಲ್ಲಿ ಹಾಕುವ ಮಾತ್ರೆ ಇದೆ ಎಂದು. ಡೈಸಲ್ಫಿರಾಮ್. ಚೀಟಿ ಇಲ್ಲದೆಯೇ ಸಿಕ್ಕಿತು. ಒಂದು ಭಾನುವಾರ ಪುಡಿ ಮಾಡಿ ಮೀನಿನ ಸಾರಿಗೆ ಹಾಕಿದೆ. ಈ ಮಾತ್ರೆ ದೇಹದಲ್ಲಿರುವಾಗ ಕುಡಿದರೆ ಮದ್ಯ ಸರಿಯಾಗಿ ಕರಗುವುದಿಲ್ಲ, ನಡುವಿನ ವಿಷ ರಕ್ತದಲ್ಲಿ ಸೇರುತ್ತದೆ. ರಾತ್ರಿ ಅವನ ಮುಖ ಕೆಂಪಾಯಿತು, ವಾಂತಿ, ಎದೆ ಹೊಡೆದುಕೊಳ್ಳುವುದು ಹೊರಗೆ ಕಾಣುತ್ತಿತ್ತು. ಕ್ಯಾಶುವಾಲ್ಟಿಯಲ್ಲಿ ಡಾಕ್ಟರು ಕೇಳಿದರು, ಯಾವುದಾದರೂ ಮಾತ್ರೆ ತಗೊಳ್ತಾ ಇದ್ದೀರಾ? "ಇಲ್ಲ" ಎಂದ. ನಾನು ಪಕ್ಕದಲ್ಲೇ ನಿಂತಿದ್ದೆ. ಹೇಳಲೇಬೇಕಾಯಿತು. ಅವನು ಏನೂ ಮಾತಾಡಲಿಲ್ಲ, ನನ್ನ ಕಡೆ ತಿರುಗಿ ನೋಡಿದ ಅಷ್ಟೆ. ಆಮೇಲೆ ಸುಮಾರು ಒಂದು ವರ್ಷ ನನ್ನ ಕೈಯ ಅಡುಗೆ ಉಣ್ಣಲಿಲ್ಲ. ಮನೆಗೆ ಬಂದರೂ ಹೋಟೆಲಿನಿಂದ ಕಟ್ಟಿಸಿಕೊಂಡು ಬರುತ್ತಿದ್ದ. ಅದೇ ಮಾತ್ರೆಯನ್ನು ಡಾಕ್ಟರು ನೋಡಿ, ರೋಗಿ ಒಪ್ಪಿ ತೆಗೆದುಕೊಂಡರೆ ಅದಕ್ಕೂ ಒಂದು ಜಾಗ ಇದೆ. ಕದ್ದು ಹಾಕಿದರೆ ಜೀವಕ್ಕೆ ಅಪಾಯ. ಈ ಪತ್ರ ಓದುವ ಬೇರೆ ಅಕ್ಕಂದಿರು, ಅಮ್ಮಂದಿರು ಇದ್ದರೆ ಇದನ್ನು ಮಾಡಬೇಡಿ.

ಇಷ್ಟೆಲ್ಲ ಆದ ಮೇಲೆ ಒಬ್ಬ ಚಿಕ್ಕ ಪ್ರಾಯದ ಕ್ಲಿನಿಕಲ್ ಸೈಕಾಲಜಿಸ್ಟ್ ಸಿಕ್ಕಿದರು. ಮೊದಲ ದಿನವೇ ಅವರು ಕೇಳಿದ ಪ್ರಶ್ನೆ ಬೇರೆ ಯಾರೂ ಕೇಳಿರಲಿಲ್ಲ. "ಕುಡಿದರೆ ನಿಮಗೆ ಏನು ಸಿಗುತ್ತದೆ?" ತಮ್ಮ ತುಂಬ ಹೊತ್ತು ಸುಮ್ಮನಿದ್ದು, "ಒಳಗೆ ಸ್ವಲ್ಪ ಶಬ್ದ ಕಮ್ಮಿ ಆಗ್ತದೆ" ಎಂದ. ಸರಿ, ಹಾಗಾದರೆ ಶಬ್ದ ಕಮ್ಮಿ ಮಾಡುವ ಬೇರೆ ದಾರಿ ಹುಡುಕುವ, ಅಷ್ಟರವರೆಗೆ ನೀವು ಇಲ್ಲಿಗೆ ಬರುವುದನ್ನು ನಿಲ್ಲಿಸಬಾರದು ಎಂದರು. ಆರು ತಿಂಗಳ ಷರತ್ತು ಇಲ್ಲ. ಒಂದು ವಿಷಯದಲ್ಲಿ ಮಾತ್ರ ಗಟ್ಟಿ ಇದ್ದರು. ಮೊದಲು ಸೈಕಿಯಾಟ್ರಿಸ್ಟ್ ನೋಡಬೇಕು, ಮೊದಲ ವಾರ ಆಸ್ಪತ್ರೆಯಲ್ಲಿ ಮದ್ದಿನ ಮೇಲೆಯೇ ಕುಡಿತ ನಿಲ್ಲಿಸಬೇಕು. ಜಾಸ್ತಿ ಕುಡಿಯುವವರು ಮನೆಯಲ್ಲಿ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಬುದ್ಧಿ ತಪ್ಪಬಹುದು.

ಅವರು ಮಾಡಿದ್ದು ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಚಿಕ್ಕದಾಗಿ ಡಿಬಿಟಿ. ಇದನ್ನು ಕಟ್ಟಿದವರು ಮಾರ್ಷಾ ಲಿನೆಹಾನ್. ಅವರೂ ಮಾರ್ಲಟ್ ಇದ್ದ ಅದೇ ವಾಷಿಂಗ್ಟನ್ ವಿಶ್ವವಿದ್ಯಾಲಯದವರು. ಸಾಯಬೇಕು ಎಂದು ಮತ್ತೆ ಮತ್ತೆ ಹೊರಡುವವರಿಗಾಗಿ ಮಾಡಿದ ಥೆರಪಿ ಇದು. ಮೊದಲ ಪ್ರಯೋಗದ ಫಲಿತಾಂಶ 1991ರಲ್ಲಿ ಬಂತು, ಪುಸ್ತಕ 1993ರಲ್ಲಿ. ತಾನೂ ಹದಿನೇಳನೇ ವಯಸ್ಸಿನಲ್ಲಿ ಮಾನಸಿಕ ಆಸ್ಪತ್ರೆಯಲ್ಲಿ ಇದ್ದವಳು ಎಂದು ಲಿನೆಹಾನ್ 2011ರಲ್ಲಿ ತಾವೇ ಬಹಿರಂಗವಾಗಿ ಹೇಳಿದರು. ಬೇರೆ ಯಾವ ಪುರಾವೆಗಿಂತ ನನ್ನ ತಮ್ಮನಿಗೆ ಹಿಡಿಸಿದ್ದು ಈ ಸಂಗತಿ. "ಹಾಗಾದ್ರೆ ಅವ್ರಿಗೆ ಗೊತ್ತುಂಟು" ಎಂದ.

ವಾರಕ್ಕೊಮ್ಮೆ ಒಬ್ಬರೇ ಕೂತು ಮಾತು. ವಾರಕ್ಕೊಮ್ಮೆ ಗುಂಪಿನಲ್ಲಿ ಪಾಠ. ನಡುವೆ ಕಷ್ಟ ಬಂದರೆ ಫೋನ್. ಥೆರಪಿಸ್ಟುಗಳು ತಾವು ತಾವೇ ಸೇರಿ ಒಬ್ಬರಿಗೊಬ್ಬರು ಆಸರೆಯಾಗುವ ಒಂದು ತಂಡ. ಡಿಬಿಟಿಯ ನಾಲ್ಕು ಕಾಲು ಇವು. ಯಾವುದು ಮೊದಲು ಎಂಬುದಕ್ಕೂ ಲೆಕ್ಕ ಇದೆ. ಮೊದಲು ಜೀವ ಉಳಿಯಬೇಕು. ಎರಡನೆಯದಾಗಿ ಆ ಮನುಷ್ಯ ಥೆರಪಿಯಲ್ಲಿ ಉಳಿಯಬೇಕು. ಮೂರನೆಯದು ಬದುಕು ಹಾಳು ಮಾಡುವ ಸಂಗತಿಗಳು, ಅದರಲ್ಲಿ ಕುಡಿತಕ್ಕೆ ಮೊದಲ ಜಾಗ. ಈ ಸಾಲನ್ನು ನೀವು ಇನ್ನೊಮ್ಮೆ ಓದಬೇಕು ಎಂದು ನನ್ನ ಆಸೆ. ನಮ್ಮ ವಾರ್ಡುಗಳಲ್ಲಿ ಮೂರನೆಯದು ತಪ್ಪಿತು ಎಂದು ಎರಡನೆಯದನ್ನು ಕಿತ್ತುಹಾಕುತ್ತಾರೆ. ಮೊದಲನೆಯದು ಏನಾಯಿತು ಎಂದು ಮನೆಯವರು ನೋಡಿಕೊಳ್ಳಬೇಕು.

ಚಟವೂ ಇರುವವರಿಗಾಗಿ ಲಿನೆಹಾನ್ ಮತ್ತು ಜೊತೆಯವರು ಇದನ್ನು ಸ್ವಲ್ಪ ಬದಲಾಯಿಸಿದರು. ಆ ಬದಲಾವಣೆಯ ಬಗ್ಗೆಯೇ ನಾನು ಇಷ್ಟು ಉದ್ದ ಬರೆಯುತ್ತಿರುವುದು.

ಮೊದಲನೆಯದನ್ನು 'ಡಯಲೆಕ್ಟಿಕಲ್ ಅಬ್ಸ್ಟಿನೆನ್ಸ್' ಅನ್ನುತ್ತಾರೆ. ಸೈಕಾಲಜಿಸ್ಟ್ ಅದನ್ನು ಬೋರ್ಡಿನಲ್ಲಿ ಬರೆದು ವಿವರಿಸಲು ಕಷ್ಟಪಡುತ್ತಿದ್ದರಂತೆ. ಪೂರ್ತಿ ಬಿಡಬೇಕು, ಒಂದು ತೊಟ್ಟೂ ಇಲ್ಲ. ಆದರೆ ಜಾರಿದರೆ ಏನು ಮಾಡಬೇಕು ಎಂಬುದಕ್ಕೂ ತಯಾರಿ ಇರಬೇಕು. ಗುಂಪಿನಲ್ಲಿ ಒಬ್ಬರು ಕೇಳಿದರು, "ಅದೇನು ಮೇಡಂ, ಕುಡೀಬೇಡ ಅಂತನೂ ಹೇಳ್ತೀರಿ, ಕುಡಿದ್ರೆ ಅಂತನೂ ಹೇಳ್ತೀರಿ?" ಆಗ ತಮ್ಮ ಹೇಳಿದ ಮಾತು ಆ ಗುಂಪಿನಲ್ಲಿ ಗಾದೆಯೇ ಆಗಿಹೋಯಿತು. ತಾಂಡೇಲ ಬೋಟು ಬಿಡುವಾಗ ಮಲ್ಪೆಗೇ ವಾಪಸ್ ಬರುತ್ತೇನೆ ಎಂದು ಹೊರಡುತ್ತಾನೆ. ಬೇರೆ ಯೋಚನೆಯೇ ಇರುವುದಿಲ್ಲ. ಆದರೆ ಗಾಳಿ ಎದ್ದರೆ ಯಾವ ಬಂದರಿಗೆ ನುಗ್ಗಬೇಕು ಎಂದು ಅವನಿಗೆ ಗೊತ್ತಿರುತ್ತದೆ. ಗಂಗೊಳ್ಳಿಯೋ, ಕಾರವಾರವೋ. ಹಾಗೆಂದು ಅವನು ಗಂಗೊಳ್ಳಿಗೆ ಹೋಗಲು ಹೊರಟವನಲ್ಲ. ಗಾಳಿ ಬಂತೆಂದು ಬೋಟು ಮುಳುಗಿಸುವವನೂ ಅಲ್ಲ. ಗಂಗೊಳ್ಳಿಗೆ ಹೋದದ್ದಕ್ಕೆ ಯಾರೂ ಅವನನ್ನು ಮಲ್ಪೆಗೆ ಬರಬೇಡ ಎನ್ನುವುದಿಲ್ಲ.

ಆಮೇಲೆ ಎಲ್ಲರದ್ದೂ ಒಂದು 'ಗಂಗೊಳ್ಳಿ ಚೀಟಿ' ಆಯಿತು. ತಮ್ಮನ ಚೀಟಿಯಲ್ಲಿ ಇಷ್ಟೇ ಇತ್ತು: ಒಂದು ಕುಡಿದರೆ ಎರಡನೆಯದಕ್ಕೆ ಮೊದಲು ಅಕ್ಕನಿಗೆ ಫೋನ್. ಕೈಯಲ್ಲಿರುವ ದುಡ್ಡು ಅಕ್ಕನ ಗೂಗಲ್ ಪೇಗೆ. ಮರುದಿನ ಥೆರಪಿಗೆ ಹೋಗಿಯೇ ಹೋಗುವುದು, ವಾಸನೆ ಬಂದರೂ ಸರಿ. ಥೆರಪಿ ನಡೆದ ಹದಿನಾಲ್ಕು ತಿಂಗಳಲ್ಲಿ ಅವನು ಐದು ಸಲ ಜಾರಿದ. ಐದೂ ಸಲ ಎರಡು ದಿನದೊಳಗೆ ಎದ್ದ. ಒಂಬತ್ತು ದಿನದ ಕತೆ ಮತ್ತೆ ಆಗಲಿಲ್ಲ.

ಎರಡನೆಯದು ಮೂರು ಮನಸ್ಸುಗಳ ಪಾಠ. ಅಮಲಿನ ಮನಸ್ಸು, ಬಿಟ್ಟೆ ಎಂಬ ಮನಸ್ಸು, ತಿಳಿ ಮನಸ್ಸು ಎಂದು ನಾವೇ ಕನ್ನಡ ಮಾಡಿಕೊಂಡೆವು. ಇವುಗಳಲ್ಲಿ ಮೋಸದ್ದು ನಡುವಿನದ್ದು. ಮೂರು ತಿಂಗಳು ಬಿಟ್ಟವನಿಗೆ ಇನ್ನೇನೂ ಆಗುವುದಿಲ್ಲ ಎಂಬ ಧೈರ್ಯ ಬರುತ್ತದೆ. ನಮ್ಮಲ್ಲಿ ಮದುವೆಯ ಹಿಂದಿನ ರಾತ್ರಿ ಮೆಹಂದಿ ಎಂದು ಮಾಡುತ್ತಾರಲ್ಲ, ಡಿಜೆ ಹಾಕಿ, ಹಿತ್ತಿಲಲ್ಲಿ ಟೇಬಲ್ ಇಟ್ಟು. ಬಿಟ್ಟೆ ಎಂಬ ಮನಸ್ಸಿನವನು ಅಲ್ಲಿಗೆ ಎದೆ ಉಬ್ಬಿಸಿಕೊಂಡು ಹೋಗುತ್ತಾನೆ. ತಿಳಿ ಮನಸ್ಸಿನವನು ಮರುದಿನ ಮುಹೂರ್ತಕ್ಕೆ ಹೋಗಿ, ಉಂಡು, ಮುಯ್ಯಿ ಕೊಟ್ಟು ಬರುತ್ತಾನೆ. ಕೇಳಿದರೆ ಸಣ್ಣ ಸಂಗತಿ. ನಮ್ಮ ಮನೆಯಲ್ಲಿ ಎರಡು ಮದುವೆ ಹೀಗೇ ದಾಟಿದವು. ಮೆಹಂದಿಗೆ ಬರಲಿಲ್ಲ ಎಂದು ಚಿಕ್ಕಮ್ಮನಿಗೆ ಇನ್ನೂ ಬೇಜಾರಿದೆ, ಇರಲಿ.

'ಸೇತುವೆ ಸುಡುವುದು' ಎಂದೂ ಒಂದಿದೆ. ಹೆಂಡದ ಕಡೆ ಹೋಗುವ ದಾರಿಗಳನ್ನು ತಾನೇ ಮುಚ್ಚುವುದು. "ಬೋಟಿನವನಿಗೆ ಯಾವ ಸೇತುವೆ?" ಎಂದು ತಮ್ಮ ತಮಾಷೆ ಮಾಡಿದ. ಆದರೆ ಮಾಡಿದ. ಜೊತೆಗೆ ಕುಡಿಯುವ ನಾಲ್ಕು ಜನರ ನಂಬರ್ ಅಳಿಸಿದ. ಸಾಲ ಬರೆಸುತ್ತಿದ್ದ ಅಂಗಡಿಗೆ ಹೋಗಿ ಲೆಕ್ಕ ಚುಕ್ತಾ ಮಾಡಿ, "ಇನ್ನು ನನಗೆ ಕೊಡ್ಬೇಡಿ" ಎಂದು ಎಲ್ಲರೆದುರು ಹೇಳಿ ಬಂದ.

ಕುಡಿಯುವುದರಲ್ಲಿ ಒಂದು ಹಟವೂ ಇರುತ್ತದೆ, 'ನಾನು ಯಾರ ಮಾತೂ ಕೇಳುವವನಲ್ಲ' ಎಂದು. ಆ ಹಟವನ್ನು ಕೊಲ್ಲಬೇಡಿ, ಬೇರೆ ಕಡೆ ತಿರುಗಿಸಿ ಅನ್ನುತ್ತದೆ ಈ ಥೆರಪಿ. ಅವನು ಆ ವರ್ಷ ಅಷ್ಟಮಿಗೆ ಹುಲಿವೇಷ ಹಾಕಿದ. ಕುಡಿಯದೆ ಕುಣಿಯಲು ಆಗುತ್ತದಾ ಎಂದು ನಕ್ಕವರ ಎದುರು ವಿಟ್ಲಪಿಂಡಿಯ ದಿನ ಸಂಜೆಯವರೆಗೆ ಕುಣಿದ, ಬರೀ ಸೋಡಾ ಶರಬತ್ತಿನಲ್ಲಿ.

ಮನಸ್ಸು ತೀರ ಏರಿದಾಗ ಮಾಡುವ ಉಪಾಯ ನನಗೆ ಮೊದಲು ಹುಚ್ಚಾಟದ ಹಾಗೆ ಕಂಡಿತ್ತು. ಬಕೆಟ್ಟಿನಲ್ಲಿ ತಣ್ಣೀರು, ಉಸಿರು ಬಿಗಿ ಹಿಡಿದು ಅರ್ಧ ನಿಮಿಷ ಮುಖ ಮುಳುಗಿಸುವುದು. ನೀರಿನಲ್ಲಿ ಮುಳುಗುವಾಗ ದೇಹ ತಾನಾಗಿಯೇ ಎದೆಬಡಿತ ನಿಧಾನ ಮಾಡುತ್ತದೆ, ಅದನ್ನೇ ಇಲ್ಲಿ ಬಳಸಿಕೊಳ್ಳುವುದು. ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮಾಡಬಾರದು. ಬಂದರಿನಲ್ಲಿ ಐಸಿಗೆ ಬರವೇ? ಅವನ ಡೈರಿ ಕಾರ್ಡು ನನ್ನ ಹತ್ತಿರ ಇದೆ. ದಿನಾ ತುಂಬಿಸುವ ಕಾರ್ಡು ಅದು. ಆಸೆ ಎಷ್ಟು, ಸಿಟ್ಟು ಎಷ್ಟು ಎಂದು ಸೊನ್ನೆಯಿಂದ ಐದರವರೆಗೆ ಅಂಕ, ಕೊನೆಯಲ್ಲಿ ಯಾವ ಉಪಾಯ ಬಳಸಿದೆ ಎಂಬ ಕಾಲಂ. ವಾರಗಟ್ಟಲೆ ಒಂದೇ ಮಾತು ಬರೆದಿದ್ದಾನೆ: ಐಸ್, ಐಸ್, ಐಸ್, ಅಕ್ಕ, ಐಸ್.

ಆ ಕಾರ್ಡು ಮೊದಲು ಇಂಗ್ಲಿಷಿನಲ್ಲಿತ್ತು. ನಾನೇ ಕೂತು ಕನ್ನಡ ಮಾಡಿದೆ. 'ಕ್ರೇವಿಂಗ್' ಎಂಬುದಕ್ಕೆ ಏನು ಬರೆಯಬೇಕೋ ತೋಚಲಿಲ್ಲ. 'ಆಸೆ' ಅಂದರೆ ಹೋಳಿಗೆಯ ಆಸೆಯ ಹಾಗಾಯಿತು, 'ಚಟ' ಅಂದರೆ ಬೈಗುಳ. ತಮ್ಮ 'ಸೆಳೆತ' ಎಂದು ಬರಿ ಎಂದ. ಸಮುದ್ರದ ಸೆಳೆತ ಗೊತ್ತಿರುವವನಿಗೆ ಅದರ ಎದುರು ಈಜಬಾರದು ಎಂದೂ ಗೊತ್ತು. ಸುಸ್ತಾಗಿ ಮುಳುಗುತ್ತಾನೆ. ತೇಲಿಕೊಂಡು, ಬದಿಗೆ ಸರಿದು, ಅದು ಬಿಡುವವರೆಗೆ ಕಾಯಬೇಕು. ಆ ಪಾಠದ ಹಾಳೆಯಲ್ಲಿ ಇಂಗ್ಲಿಷಿನಲ್ಲೂ ಅಲೆಯ ಮಾತೇ ಇತ್ತು ಎಂದು ಸೈಕಾಲಜಿಸ್ಟ್ ಆಮೇಲೆ ತೋರಿಸಿದರು.

ಫೋನಿನದ್ದು ಬೇರೆ ಪಜೀತಿ. ಆಳಸಮುದ್ರದ ಬೋಟು ಹೋದರೆ ಹತ್ತು ದಿನ ಬರುವುದಿಲ್ಲ. ನಡು ಕಡಲಲ್ಲಿ ನೆಟ್‌ವರ್ಕ್ ಎಲ್ಲಿಂದ? ಬೋಟಿನಲ್ಲಿ ವಯರ್‌ಲೆಸ್ ಇದೆ, ಆದರೆ 'ನನಗೆ ಸೆಳೆತ ಬಂದಿದೆ' ಎಂದು ಹೇಳಿದರೆ ಸುತ್ತಲಿನ ಅಷ್ಟೂ ಬೋಟಿನವರಿಗೆ ಕೇಳುತ್ತದೆ. ಅದಕ್ಕೆ ಸೈಕಾಲಜಿಸ್ಟ್ ತಮ್ಮದೇ ದನಿಯಲ್ಲಿ ಐದು ನಿಮಿಷದ ಆಡಿಯೋ ಮಾಡಿ ಮೊಬೈಲಿಗೆ ಹಾಕಿ ಕೊಟ್ಟರು. ಗಂಗೊಳ್ಳಿ ಚೀಟಿಯನ್ನು ಲ್ಯಾಮಿನೇಷನ್ ಮಾಡಿಸಿ ಮೊಬೈಲ್ ಕವರಿನ ಹಿಂದೆ ಸಿಕ್ಕಿಸಿದರು. ಸಿಯಾಟಲ್‌ನ ಪುಸ್ತಕದಲ್ಲಿ ಇದು ಇರಲಾರದು. ನಮಗೆ ಹೊಂದಿಸುವುದು ಅಂದರೆ ಇದೇ ತಾನೇ?

ಚಟ ಇರುವವರು ಥೆರಪಿಗೆ ಬರುತ್ತಾರೆ, ಹಾರಿಹೋಗುತ್ತಾರೆ, ಮತ್ತೆ ಬರುತ್ತಾರೆ. ಅವರಿಗೆ ಆ ಪುಸ್ತಕದವರು ಇಟ್ಟ ಹೆಸರು ಚಿಟ್ಟೆ. ಹಾರಿಹೋದವರಿಗೆ 'ಬರದಿದ್ದರೆ ಬಿಡಲಿ' ಎನ್ನಬಾರದು, ಹಿಂದೆ ಹೋಗಿ ಕರೆತರಬೇಕು, ಅದು ಥೆರಪಿಸ್ಟಿನ ಕೆಲಸವೇ ಎಂಬುದು ಚಟದವರಿಗಾಗಿ ಮಾಡಿದ ದೊಡ್ಡ ಬದಲಾವಣೆ. ಒಮ್ಮೆ ತಮ್ಮ ಎರಡು ವಾರ ಹೋಗಲಿಲ್ಲ, ಫೋನ್ ಎತ್ತಲಿಲ್ಲ. ಸೈಕಾಲಜಿಸ್ಟ್ ಬೆಳಿಗ್ಗೆ ಏಳು ಗಂಟೆಗೆ ಮಲ್ಪೆ ಬಂದರಿಗೇ ಬಂದರು. ಮೀನಿನ ಕ್ರೇಟ್ ಬೋರಲು ಹಾಕಿ ಅದರ ಮೇಲೆ ಕೂತು ಇಪ್ಪತ್ತು ನಿಮಿಷ ಮಾತಾಡಿದರು. ಸುತ್ತ ಹರಾಜಿನ ಗಲಾಟೆ. ಮೀನಿನ ಹೆಂಗಸೊಬ್ಬರು "ಯಾರು ಮಾರಾಯಾ, ಗಂಡು ನೋಡ್ಲಿಕ್ಕೆ ಬಂದವರಾ?" ಎಂದು ಕೇಳಿದ್ದಕ್ಕೆ ಮೂವರೂ ನಕ್ಕರಂತೆ. ಮುಂದಿನ ಶನಿವಾರ ಅವನು ಗುಂಪಿಗೆ ಹೋದ.

ಈ ಥೆರಪಿ ಎಲ್ಲರ ಕುಡಿತವನ್ನೂ ಬಿಡಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ಚಟವೂ ಬಾರ್ಡರ್‌ಲೈನೂ ಎರಡೂ ಇದ್ದವರ ಮೇಲೆ ಲಿನೆಹಾನ್ ತಂಡ ಮಾಡಿದ ಪ್ರಯೋಗಗಳು ಸಣ್ಣವು. 1999ರದ್ದರಲ್ಲಿ 28 ಜನ, 2002ರದ್ದರಲ್ಲಿ ಹೆರಾಯಿನ್ ಚಟದ 23 ಜನ, ಎಲ್ಲರೂ ಹೆಂಗಸರು. ಎರಡನೆಯದರಲ್ಲಿ ಹೋಲಿಕೆಗೆ ಬೇರೊಂದು ಚಿಕಿತ್ಸೆ ಪಡೆದ ಗುಂಪು ಇತ್ತು. ಅವರೂ ಸುಧಾರಿಸಿದರು, ಒಬ್ಬರೂ ಬಿಟ್ಟು ಹೋಗಲಿಲ್ಲ. ಡಿಬಿಟಿ ಗುಂಪಿನಿಂದ ಕೆಲವರು ಬಿಟ್ಟರು. ಆದರೆ ವರ್ಷದ ಕೊನೆಯ ನಾಲ್ಕು ತಿಂಗಳಲ್ಲಿ ಆ ಇನ್ನೊಂದು ಗುಂಪಿನವರ ಸೇವನೆ ಮತ್ತೆ ಏರಿತು, ಡಿಬಿಟಿಯವರದ್ದು ಏರಲಿಲ್ಲ. ಇದರಿಂದ ನನಗೆ ಅರ್ಥವಾದದ್ದು ಇಷ್ಟು: ನಿಜವಾದ ಪರೀಕ್ಷೆ ಇರುವುದು ವಾರ್ಡಿನ ಮೂರು ವಾರದಲ್ಲಲ್ಲ, ಆಮೇಲಿನ ತಿಂಗಳುಗಳಲ್ಲಿ. ನಮ್ಮಲ್ಲಿ ಖರ್ಚೆಲ್ಲ ಮೂರು ವಾರಕ್ಕೆ, ಆಮೇಲೆ 'ದೇವರ ದಯೆ'.

ನಮ್ಮ ಸೈಕಾಲಜಿಸ್ಟ್ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಹೋದರು. ಅವರ ತಪ್ಪಲ್ಲ. ಒಬ್ಬರೇ ಎಷ್ಟು ದಿನ ರಾತ್ರಿ ಹನ್ನೊಂದಕ್ಕೆ ಫೋನ್ ಎತ್ತುತ್ತಾರೆ? ತಂಡ ಬೇಕು ಅನ್ನುವುದು ಅದಕ್ಕೇ. ಗುಂಪಿನಲ್ಲಿದ್ದ ಐದು ಜನ ಚದುರಿದರು. ಒಬ್ಬ ಇಪ್ಪತ್ತೊಂದರ ಹುಡುಗ ಇದ್ದ, ಗಾಂಜಾದವನು. ಸರಕಾರಿ ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ಹೇಳುತ್ತಾರೆ ಎಂಬ ಭಯದಲ್ಲೇ ಇದ್ದ. ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆಯ 64ಎ ಕಲಂ ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ಸೇವನೆ ಮತ್ತು ಸಣ್ಣ ಪ್ರಮಾಣದ ಕೇಸುಗಳಲ್ಲಿ ರಕ್ಷಣೆ ಕೊಡುತ್ತದೆ. ಈ ಮಾತನ್ನು ನೀವು ಒಂದು ಬೋರ್ಡಿನಲ್ಲಿ ಬರೆಸಿ ಕಾಲೇಜುಗಳಲ್ಲಿ ಹಾಕಿಸಬಹುದಿತ್ತು.

ಈಗ ಕೇಳುವುದನ್ನು ಕೇಳಿಬಿಡುತ್ತೇನೆ. ಹೊಸ ಕಟ್ಟಡ ಬೇಡ. ಮಂಗಳೂರಿನ ವೆನ್‌ಲಾಕ್‌ನಲ್ಲಿ ಒಂದು, ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲಿ ಒಂದು, ನಾಲ್ಕೈದು ಜನರ ತಂಡ. ಒಬ್ಬರು ಸೈಕಿಯಾಟ್ರಿಸ್ಟ್, ಸೈಕಾಲಜಿಸ್ಟುಗಳು, ಒಬ್ಬರು ಸೋಶಿಯಲ್ ವರ್ಕರ್, ಒಬ್ಬರು ನರ್ಸ್. ಮಂಗಳೂರು, ಮಣಿಪಾಲದ ಸುತ್ತ ಇಷ್ಟು ಮೆಡಿಕಲ್ ಕಾಲೇಜುಗಳಿವೆ, ಕಲಿತು ಹೊರಬರುವ ಮಕ್ಕಳಿದ್ದಾರೆ. ಅವರಿಗೆ ಈ ಥೆರಪಿಯ ತರಬೇತಿ ಕೊಡಿಸಿ, ಇಲ್ಲೇ ಉಳಿಯುವಷ್ಟು ಸಂಬಳ ಕೊಡಿ. ಮನಸ್ಸಿನ ಕಾಯಿಲೆ ನೋಡುವ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕು ತಾಲೂಕು ಆಸ್ಪತ್ರೆಗಳಲ್ಲಿ ಹೇಗೂ ಇದೆ, ಇಂಥವರನ್ನು ಗುರುತಿಸಿ ಕಳಿಸುವುದು ಅಲ್ಲಿಂದ ಆಗಬಹುದು. ಪಾಠದ ಹಾಳೆಗಳು ಕನ್ನಡದಲ್ಲಿ ಇರಲಿ, ಮಾತು ತುಳು, ಬ್ಯಾರಿ, ಕೊಂಕಣಿಯಲ್ಲೂ ನಡೆಯಲಿ. ನಾನು ಮಾಡಿದ ಡೈರಿ ಕಾರ್ಡಿನ ಕನ್ನಡ ಬೇಕಿದ್ದರೆ ಧರ್ಮಕ್ಕೆ ಕೊಡುತ್ತೇನೆ. 14416ರ ಟೆಲಿ ಮಾನಸ್ ಸಹಾಯವಾಣಿ ಇದೆಯಲ್ಲ ಎನ್ನಬೇಡಿ. ಅದು ಒಳ್ಳೆಯದೇ, ಗುಂಪಿನವರಿಗೆಲ್ಲ ನಾನೇ ನಂಬರ್ ಕೊಟ್ಟಿದ್ದೇನೆ. ಆದರೆ ಇಲ್ಲಿ ಬೇಕಾದದ್ದು ಅವನ ಗಂಗೊಳ್ಳಿ ಚೀಟಿಯಲ್ಲಿ ಏನಿದೆ ಎಂದು ಗೊತ್ತಿರುವ ದನಿ.

ಮತ್ತೆ ಮುಖ್ಯವಾದದ್ದು. ಕುಡಿದ ಕಾರಣಕ್ಕೆ ಡಿಸ್ಚಾರ್ಜ್ ಮಾಡುವ ನಿಯಮ, ಕುಡಿಯದೆ ಬಂದರೆ ಮಾತ್ರ ಥೆರಪಿ ಎಂಬ ನಿಯಮ, ಎರಡನ್ನೂ ತೆಗೆಯಿರಿ. ಇದನ್ನೇ ತಮ್ಮ ಜೋರಾಗಿ ಬರಿ ಎಂದದ್ದು. ವಾರ್ಡಿನೊಳಗೆ ಬಾಟ್ಲಿ ತಂದರೆ ಬೇರೆಯವರಿಗೂ ಕಷ್ಟ, ಒಪ್ಪುತ್ತೇನೆ. ಅದಕ್ಕೆ ಬೇರೆ ಕೋಣೆ ಮಾಡಿ, ಹೊರರೋಗಿ ಮಾಡಿ, ಮರುದಿನ ಬರಲು ಹೇಳಿ. ಆದರೆ ಹೆಸರು ಹೊಡೆದು ಹಾಕಬೇಡಿ. ಜ್ವರ ಬಂತೆಂದು ಜ್ವರದ ರೋಗಿಯನ್ನು ಯಾರೂ ಹೊರಗೆ ಕಳಿಸುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮಾನಸಿಕ ಕಾಯಿಲೆ ಅಂದರೆ ಏನು ಎಂದು ಹೇಳುವಾಗಲೇ ಮದ್ಯ ಮತ್ತು ಮಾದಕ ವಸ್ತುವಿನಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಸೇರಿಸಿದೆ. ಸರಕಾರಿ ಚಿಕಿತ್ಸೆ ಪಡೆಯುವುದು ಹಕ್ಕು ಎಂದಿದೆ. ಬೇರೆ ಕಾಯಿಲೆಗೆ ಇರುವ ಹಾಗೆಯೇ ಇನ್ಶೂರೆನ್ಸ್ ಇರಬೇಕು ಎಂದಿದೆ. ಕಾಯ್ದೆ ಎರಡನ್ನೂ ಒಂದೇ ಕಡೆ ಬರೆದಿರುವಾಗ ನಮ್ಮ ಆಸ್ಪತ್ರೆಗಳಲ್ಲಿ ಮಾತ್ರ ಯಾಕೆ ಎರಡು ಬಾಗಿಲು?

ಇನ್ನೊಂದು ಸಣ್ಣ ಸಲಹೆ, ಕಡಲಿನವರ ಲೆಕ್ಕದ್ದು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಕೆಲಸ ಇಲ್ಲ, ಮಳೆ, ಕೈಯಲ್ಲಿ ಸೀಸನ್ನಿನ ಕೊನೆಯ ದುಡ್ಡು. ಕುಡಿತ ಜಾಸ್ತಿಯಾಗುವುದು ಆಗಲೇ. ಮನುಷ್ಯ ಊರಲ್ಲಿ ಸಿಗುವುದೂ ಆಗಲೇ. ವಾರಕ್ಕೆರಡು ದಿನದ ಗುಂಪು ಆಗ ಶುರು ಮಾಡಿ. ಆಗಸ್ಟಿನಲ್ಲಿ ಬೋಟು ಹೋಗುವ ಹೊತ್ತಿಗೆ ಪ್ರತಿಯೊಬ್ಬನ ಮೊಬೈಲ್ ಕವರಿನ ಹಿಂದೆ ಒಂದು ಚೀಟಿ ಇರುತ್ತದೆ.

ತಮ್ಮ ಈಗ ಕಡಲಲ್ಲಿದ್ದಾನೆ. ಹೋಗುವ ಹಿಂದಿನ ದಿನ ಮನೆಗೆ ಬಂದಿದ್ದ. ನಾನು ಮಾಡಿದ ಬೂತಾಯಿ ಪುಳಿಮುಂಚಿ ಉಂಡ, ಎರಡು ಸಲ ಹಾಕಿಸಿಕೊಂಡ. ಕಳೆದ ತಿಂಗಳು ಮತ್ತೆ ಜಾರಿದ್ದ, ಈ ಸಲ ಏಳಲು ನಾಲ್ಕು ದಿನ ಹಿಡಿಯಿತು. ಆಡಿಯೋ ಹಳೆಯದಾಗಿದೆ, ಅದರಲ್ಲಿ ಹೇಳುವ ನಂಬರ್ ಈಗ ಯಾರೂ ಎತ್ತುವುದಿಲ್ಲ ಎಂದ. ಜೂನ್ ಒಂದಕ್ಕೆ ಅವನ ಬೋಟು ದಡಕ್ಕೆ ಬರುತ್ತದೆ. ಅವನನ್ನು ಯಾವ ಬಾಗಿಲಿಗೆ ಕರೆದುಕೊಂಡು ಬರಬೇಕು ಎಂದು ಅದಕ್ಕೆ ಮೊದಲು ತಿಳಿಸಿ.

ಇತಿ,
ಕಲ್ಯಾಣಪುರದ ಒಬ್ಬ ಅಕ್ಕ